ಮೊದಲ ಗಾಡಿಯ ಫ್ಯೂಸು

ಫೆಬ್ರವರಿ 4

ಮಗಳಿಗೆ,

ಒಂದೂವರೆ ವರ್ಷದ ಮೇಲೆ ಅಪ್ಪನ ಕೈಬರಹ ಕಂಡು ಯಾರಿಗೋ ಏನೋ ಆಗಿದೆ ಎಂದು ಗಾಬರಿಯಾಗಬೇಡ. ಎಲ್ಲರೂ ನೆಟ್ಟಗಿದ್ದೇವೆ. ಅಂಗಡಿಯ ಮುಂಭಾಗದಲ್ಲಿ ನಾನು ಕಾರುಗಳಿಗೆ ಸ್ಪೀಕರ್ ಕೂರಿಸುತ್ತೇನೆ, ಹಿಂಭಾಗದಲ್ಲಿ ನಿನ್ನ ಅತ್ತೆ ಸೀಟ್ ಕವರ್ ಹೊಲಿಯುತ್ತಾಳೆ, ನಡುವಿನ ಪರದೆಯನ್ನು ಅವಳು ಎಳೆಯುವುದು ನಾನು ಸರಿಸುವುದು ಹಾಗೇ ನಡೆದಿದೆ. ನೀನು ಹೊರಟ ದಿನ ಗೋಡೆಯ ಗಡಿಯಾರ ಐದು ನಿಮಿಷ ಹಿಂದಿತ್ತು. ಈಗಲೂ ಅಷ್ಟೇ ಹಿಂದಿದೆ.

ವಿಷಯ ಇದು. ಬಸ್ ನಿಲ್ದಾಣದ ಹಿಂದೆ ಬಾಡಿಗೆ ಕಾರುಗಳ ಷೆಡ್ ಇದೆಯಲ್ಲ, ಅದರ ಯಜಮಾನ ಬಂದಿದ್ದ. ಬಹಳ ಮಿತಭಾಷಿ, ಪ್ರತಿ ಮಾತಿಗೂ ಯಾರೋ ಬಾಡಿಗೆ ಕೇಳುತ್ತಾರೆ ಎನ್ನುವ ಹಾಗೆ ಮಾತಾಡುತ್ತಾನೆ. ಅವನ ಎಂಟು ಗಾಡಿಗಳಿಗೂ ಹೊಸ ಸೌಂಡ್ ಬೇಕಂತೆ. ಮೊದಲು ಒಂದು ಮಾಡಿ ತೋರಿಸಬೇಕು. ಅದು ಹಿಡಿಸಿದರೆ ಉಳಿದ ಏಳೂ ನಮಗೆ, ಇಲ್ಲದಿದ್ದರೆ ಎದುರು ಸಾಲಿನಲ್ಲಿ ಹೊಸದಾಗಿ ಬಂದಿರುವ ಗಾಜಿನ ಬಾಗಿಲಿನ ಅಂಗಡಿಗೆ. ಆ ಅಂಗಡಿ ತೆರೆದಮೇಲೆ ನಮ್ಮ ಮುಂದೆ ನಿಲ್ಲುವ ಗಾಡಿಗಳನ್ನು ಒಂದು ಕೈಯ ಬೆರಳಲ್ಲಿ ಎಣಿಸಬಹುದು. ಈ ಕೆಲಸ ತಪ್ಪಿದರೆ ಷಟರ್ ಎಳೆಯುವುದೇ ಸೈ. ಇದನ್ನು ಅತ್ತೆಗೆ ಹೇಳಿಲ್ಲ. ನೀನೂ ಹೇಳಬೇಡ.

ನಾಲ್ಕು ಬಾಗಿಲಿಗೆ ಎರಡು ಜೊತೆ ಸ್ಪೀಕರ್, ಬಾಸಿಗೆ ಸೀಟಿನಡಿ ಹಿಡಿಯುವ ಚಪ್ಪಟೆ ಸಬ್‌ವೂಫರ್. ಡಿಕ್ಕಿ ಪೂರ್ತಿ ಪ್ರಯಾಣಿಕರ ಸಾಮಾನಿಗೆ ಬಿಡಬೇಕು. ಆಂಪ್ಲಿಫೈಯರ್ ವಿಷಯದಲ್ಲಿ ನನಗೆ ಮೂರು ದಾರಿ ಕಾಣುತ್ತವೆ. ಒಂದೇ ಫೋರ್ ಚಾನೆಲ್ ಆಂಪ್ ಇಟ್ಟು, ಎರಡು ಚಾನೆಲ್ಲಿನಿಂದ ಬಾಗಿಲುಗಳನ್ನು ನಡೆಸಿ, ಉಳಿದೆರಡನ್ನು ಬ್ರಿಡ್ಜ್ ಮಾಡಿ, ಅಂದರೆ ಒಂದಾಗಿ ಜೋಡಿಸಿ, ಸಬ್ಬಿಗೆ ಕೊಡುವುದು. ಇಲ್ಲವೇ ಬಾಗಿಲುಗಳಿಗೆ ಫೋರ್ ಚಾನೆಲ್, ಸಬ್ಬಿಗೆ ಅದರದೇ ಒಂದು ಚಾನೆಲ್ಲಿನ ಮೋನೋ ಆಂಪ್. ಇಲ್ಲವೇ ಐದು ಚಾನೆಲ್ಲಿನ ಒಂದೇ ಡಬ್ಬ. ಐದರದ್ದು ಕೆಟ್ಟರೆ ಎಲ್ಲವೂ ಒಟ್ಟಿಗೆ ಮೂಕ, ಅದು ಬೇಡ. ಎರಡು ಆಂಪ್ ಎಂದರೆ ಎರಡು ಕಡೆ ಜಾಗ, ಎರಡು ಕಡೆ ತಂತಿ. ನನಗೇನೋ ಮೊದಲನೆಯದೇ ಸಾಕು ಎನಿಸುತ್ತದೆ.

ನಿನ್ನ ಅಭಿಪ್ರಾಯ ಕೇಳುತ್ತಿದ್ದೇನೆ ಎಂದುಕೊಳ್ಳಬೇಡ. ಹೇಳಲೇಬೇಕು ಎನಿಸಿದರೆ ಕಾಗದ ಬರೆ. ಫೋನ್ ಬೇಡ. ಫೋನಿನಲ್ಲಿ ನಾವಿಬ್ಬರೂ ಮೂರನೆಯ ಮಾತಿಗೇ ಜಗಳಕ್ಕೆ ಬೀಳುತ್ತೇವೆ.

ಇಂತಿ,
ಅಪ್ಪ

ಫೆಬ್ರವರಿ 11

ಅಪ್ಪನಿಗೆ,

ನಿಮ್ಮ ಕಾಗದ ತಲುಪಿತು. ನಾನು ಚೆನ್ನಾಗಿದ್ದೇನೆ. ಇಲ್ಲಿ ಕೆಲಸ ಮಾಡುವ ಜಾಗದಲ್ಲಿ ಒಂದು ಸಾಲಿಗೆ ಆರು ಗಾಡಿ ನಿಲ್ಲುತ್ತವೆ. ನಮ್ಮ ಮೇಸ್ತ್ರಿಣಿ ತಂತಿಯ ತುದಿ ನೋಡಿಯೇ ಸುಲಿದವರು ಯಾರು ಎಂದು ಹೇಳುತ್ತಾರೆ. ನನ್ನದನ್ನು ನೋಡಿ, "ನಿನಗೆ ಕಲಿಸಿದವರು ಯಾರಮ್ಮಾ? ಒಳ್ಳೇ ಕೈ" ಎಂದಿದ್ದರು. ಇದನ್ನು ನಿಮಗೆ ಹೇಳಬೇಕೆನಿಸಿತು, ಹೇಳಿದೆ.

ಕೇಳಿಲ್ಲವಾದರೂ ಹೇಳುತ್ತೇನೆ, ಎರಡನೆಯ ದಾರಿ ಹಿಡಿಯಿರಿ. ಬಾಗಿಲುಗಳಿಗೆ ಫೋರ್ ಚಾನೆಲ್, ಸಬ್ಬಿಗೆ ಮೋನೋ. ಆ ಚಪ್ಪಟೆ ಸಬ್ಬಿನಲ್ಲಿ ನಾಲ್ಕು ಓಮಿನ ಎರಡು ಕಾಯಿಲ್, ಅಂದರೆ ತಂತಿಸುರುಳಿ, ಇರುತ್ತವೆ. ಎರಡನ್ನೂ ಪಕ್ಕಪಕ್ಕ ಸೇರಿಸಿದರೆ ತಡೆ ಎರಡು ಓಮಿಗೆ ಇಳಿಯುತ್ತದೆ. ಮೋನೋ ಅದನ್ನು ತಾಳುತ್ತದೆ. ಬ್ರಿಡ್ಜ್ ಮಾಡಿದ ಫೋರ್ ಚಾನೆಲ್ ತಾಳುವುದಿಲ್ಲ, ಕಾದು ಕೆಂಡವಾಗುತ್ತದೆ. ಒಂದೇ ಆಂಪ್ ಸಾಕು ಎಂದು ಹಟವಿದ್ದರೆ ಕಾಯಿಲ್‌ಗಳನ್ನು ಒಂದರ ಹಿಂದೆ ಒಂದು ಸೇರಿಸಿ. ಎಂಟು ಓಮ್ ಆಗುತ್ತದೆ, ಬಾಸ್ ಸ್ವಲ್ಪ ಮೆತ್ತಗಾಗುತ್ತದೆ, ಆದರೆ ಯಾರಿಗೂ ಅಪಾಯವಿಲ್ಲ.

ಇದೆಲ್ಲ ನಿಮಗೆ ಗೊತ್ತಿರುವುದೇ. ನನಗೆ ಹನ್ನೆರಡು ವರ್ಷವಿದ್ದಾಗ ನೀವೇ ಹೇಳಿಕೊಟ್ಟಿರಿ. "ಸಭೆ ಮುಗಿದ ಕೋಣೆಗೆ ಒಂದೇ ಬಾಗಿಲಿದ್ರೆ ಜನ ಸಾಲಾಗಿ ಹೊರಗೆ ಬರ್ತಾರೆ. ಪಕ್ಕದಲ್ಲೇ ಇನ್ನೊಂದು ತೆಗೆದ್ರೆ ಒಂದೇ ಏಟಿಗೆ ಹೊರಗೆ ನುಗ್ತಾರೆ. ಒಳಗೆ ನಿಂತು ಕಳಿಸೋನ ಗತಿ ಏನು ಹೇಳು?"

ಫೋನ್ ಮಾಡುವುದಿಲ್ಲ. ಹೋದ ವರ್ಷ ಎರಡು ಸಲ ಮಾಡಿದ್ದೆ. ಎರಡು ಸಲವೂ "ಹೂಂ, ಹೂಂ, ಆಯ್ತು" ಎಂದು ಇಟ್ಟುಬಿಟ್ಟಿರಿ. ಇನ್ನೂ ಕೋಪ ಆರಿಲ್ಲ ಎಂದು ತಿಳಿದುಕೊಂಡೆ.

ಇಂತಿ,
ನಿಮ್ಮ ಮಗಳು

ಮಾರ್ಚ್ 2

ಮಗಳಿಗೆ,

ಹುಟ್ಟಿದಾಗಿನಿಂದ ನನ್ನನ್ನು ನೀನು ಎಂದು ಕರೆದವಳು ಈಗ ಎರಡು ಪುಟದ ತುಂಬ ನೀವು, ನಿಮ್ಮ, ನಿಮಗೆ. ಬ್ಯಾಂಕಿನಿಂದ ಬಂದ ಕಾಗದ ಎಂದುಕೊಂಡು ಮತ್ತೊಮ್ಮೆ ಲಕೋಟೆ ತಿರುಗಿಸಿ ನೋಡಿದೆ. ಇರಲಿ.

ಮೊದಲ ಗಾಡಿ ಮುಗಿಯಿತು. ಒಂದೇ ಆಂಪ್ ಇಟ್ಟೆ. ಮುಂದಿನ ಎಡ ಸೀಟಿನಡಿ ಕೂರಿಸಿ ಮೇಲೆ ಮ್ಯಾಟ್ ಹೊದಿಸಿದ್ದೇನೆ, ಹುಡುಕಿದರೂ ಕಾಣುವುದಿಲ್ಲ. ನಿನ್ನ ಮಾತು ತೆಗೆದುಹಾಕಲಿಲ್ಲ. ಮೊದಲು ಕಾಯಿಲ್‌ಗಳನ್ನು ಒಂದರ ಹಿಂದೆ ಒಂದು ಸೇರಿಸಿ ಹಾಡು ಹಾಕಿದೆ. ಏನಿದೆ ಅದರಲ್ಲಿ! ಪಕ್ಕದ ಮನೆಯಲ್ಲಿ ಯಾರೋ ಹಿಟ್ಟು ಕುಟ್ಟಿದ ಹಾಗೆ. ಬಾಗಿಲ ಸ್ಪೀಕರ್‌ಗಳಲ್ಲಂತೂ ಹಾಡುವವನಿಗೆ ಗಂಟಲೇ ಇಲ್ಲ. ಈಗಿನ ಸಾಮಾನೇ ಹೀಗೆ, ಹೆಸರು ದೊಡ್ಡದು ಉಸಿರು ಸಣ್ಣದು. ಆಮೇಲೆ ಪಕ್ಕಪಕ್ಕವೇ ಸೇರಿಸಿದೆ. ಆಂಪಿನ ಬಲ ಏರಿಸುವ ಗೇನಿನ ತಿರುಪು ಮುಕ್ಕಾಲು ದಾಟಿಸಿದೆ. ಆಗ ನೋಡು, ಅಂಗೈಗೆ ಬಂತು ಬಾಸು. ಗಾಡಿಯ ತಗಡೆಲ್ಲ ಜುಂ ಎಂದಿತು.

ಮೂವತ್ತು ಆಂಪಿಯರಿನ ಫ್ಯೂಸ್ ಎರಡು ಸಲ ಹೋಯಿತು. ಅರವತ್ತರದ್ದು ಹಾಕಿದಮೇಲೆ ಆ ಕಾಟವೂ ತಪ್ಪಿತು.

ಯಜಮಾನ ಬಂದು ಒಳಗೆ ಕೂತು ಕೇಳಿದ. ಎರಡು ಕೈಯನ್ನೂ ಕಿವಿಯ ಹತ್ತಿರ ತಂದುಕೊಂಡ. ಮೆಚ್ಚಿದ್ದಾನೆ ಎಂದು ಕಾಣುತ್ತದೆ. ಏನೋ ಹೇಳಿದ, ನಾನು ಹೂಂ ಎಂದೆ. ಎಂಟನೆಯ ತಾರೀಕು ಬೆಳಿಗ್ಗೆ ಆರಕ್ಕೆ ಈ ಗಾಡಿ ಒಂದು ಕುಟುಂಬವನ್ನು ಕೂರಿಸಿಕೊಂಡು ಬೆಟ್ಟದ ಕಡೆ ಎರಡು ದಿನದ ಪ್ರಯಾಣ ಹೊರಡುತ್ತದೆ. ದಾರಿಯುದ್ದಕ್ಕೂ ಹಾಡು ಬೇಕೇ ಬೇಕು ಎಂದಿದ್ದಾರಂತೆ. ಅವರು ಹಿಂತಿರುಗಿ ಬಂದು ಒಳ್ಳೆಯ ಮಾತಾಡಿದರೆ ಏಳು ಗಾಡಿ ನಮ್ಮ ಅಂಗಳದಲ್ಲಿ.

ಅತ್ತೆ ಚೆನ್ನಾಗಿದ್ದಾಳೆ. ಹೊಲಿಗೆ ಮಷಿನ್ನಿಗೆ ಎಣ್ಣೆ ಹಾಕಿದ್ದಾಳೆ ಎಂದು ಕಾಣುತ್ತದೆ, ಈಚೆಗೆ ಅದರ ಗಲಾಟೆಯೇ ಇಲ್ಲ. ಅಂಗಡಿ ಎಷ್ಟು ನೆಮ್ಮದಿಯಾಗಿದೆ ಗೊತ್ತೆ!

ಇಂತಿ,
ಅಪ್ಪ

ಮಾರ್ಚ್ 7

ಅಪ್ಪಾ,

ನಿನ್ನ ಕಾಗದ ಈಗ ಹನ್ನೊಂದು ಗಂಟೆಗೆ ಕೈಗೆ ಬಂತು. ಗಾಡಿಯೊಂದರ ಬಾಗಿಲ ಒಳಮೈ ಬಿಚ್ಚುತ್ತಿದ್ದೆ. ಎರಡನೆಯ ಪುಟ ಓದಿ ಸ್ಕ್ರೂಗಳನ್ನು ಅಲ್ಲಲ್ಲೇ ಬಿಟ್ಟು ಎದ್ದೆ. ಈ ಕಾಗದ ನಿನಗೆ ತಲುಪುವ ಹೊತ್ತಿಗೆ ಎಂಟನೆಯ ತಾರೀಕು ಕಳೆದಿರುತ್ತದೆ ಎಂದು ಗೊತ್ತು. ಆದರೂ ನಾನು ಮಾಡಿದ್ದನ್ನು ನಾನೇ ನಿನಗೆ ಹೇಳಬೇಕು. ಬೇರೆಯವರ ಬಾಯಿಂದ ಬರಬಾರದು.

ಫ್ಯೂಸ್ ಹೋಗಿದ್ದು ಕಾಟ ಕೊಡುವುದಕ್ಕಲ್ಲ ಅಪ್ಪ. ಮೂವತ್ತಕ್ಕೆ ತಕ್ಕ ತಂತಿಗೆ ಅರವತ್ತರ ಫ್ಯೂಸ್ ಹಾಕಿದರೆ ಮೊದಲು ಹೋಗುವುದು ಫ್ಯೂಸಲ್ಲ, ತಂತಿ. ಅದೂ ಮ್ಯಾಟಿನಡಿಯಲ್ಲಿ, ಗಾಳಿಯಾಡದ ಕಡೆ, ಜನ ಕೂತಿರುವ ಸೀಟಿನ ಕೆಳಗೆ. ಇದೇ ತಪ್ಪು ನಾನು ಮಾಡಿದ್ದರೆ ನೀನು ನನ್ನನ್ನು ಅಂಗಡಿಯೊಳಗೆ ಸೇರಿಸುತ್ತಿರಲಿಲ್ಲ.

ಆಫೀಸಿನ ಮೇಜಿನ ಫೋನಿನಿಂದ ಮೂರು ಸಲ ಕರೆದೆ. ಮೂರು ಸಲವೂ ನೀನೇ ಎತ್ತಿದೆ.

"ಹಲೋ. ಯಾರು?"

"ಅಪ್ಪಾ, ನಾನು. ಆ ಗಾಡಿ ಕಳಿಸಬೇಡ."

"ಹಲೋ? ಯಾರದು? ಮಾತಾಡಿ."

"ಅಪ್ಪಾ, ಗಾಡಿ! ಗಾಡಿ ಕಳಿಸಬೇಡ!"

"ಯಾರೂ ಇಲ್ಲ," ಎಂದು ನೀನು ಯಾರಿಗೋ ಹೇಳಿ ಇಟ್ಟುಬಿಟ್ಟೆ.

ಎರಡನೆಯ ಸಲ ಎಷ್ಟು ಜೋರಾಗಿ ಕೂಗಿದೆನೆಂದರೆ ಆರು ಗಾಡಿಗಳ ಸಾಲಿನಲ್ಲಿದ್ದವರೆಲ್ಲ ಕೆಲಸ ನಿಲ್ಲಿಸಿ ಆಫೀಸಿನತ್ತ ನೋಡಿದರು. ನೀನು ಮತ್ತೆ "ಯಾರು ಅಂತ ಹೇಳ್ಬಾರ್ದಾ?" ಎಂದೆ. ಮೂರನೆಯ ಸಲ ನಾನು ಕೂಗಲಿಲ್ಲ. ಸುಮ್ಮನೆ ನಿನ್ನ ದನಿ ಕೇಳಿದೆ.

ಲೈನು ಕೆಟ್ಟಿತ್ತೇನೋ. ಊಟದ ಹೊತ್ತಿನಲ್ಲಿ ಮತ್ತೆ ಮಾಡಿದಾಗ ಅತ್ತೆ ಎತ್ತಿದರು. ಅವರಿಗೆ ಎಲ್ಲವೂ ಸರಿಯಾಗಿ ಕೇಳಿಸಿತು. ಏನು ಮಾಡಬೇಕೆಂದು ಅವರಿಗೆ ಹೇಳಿದ್ದೇನೆ. ಬೈಯುವುದಾದರೆ ನನ್ನನ್ನು ಬೈ.

ನಿನ್ನ ಮಗಳು

ಮಾರ್ಚ್ 9

ನಮ್ಮ ಕಡ್ಡಿಗೆ ಅತ್ತೆಯ ಆಶೀರ್ವಾದಗಳು,

ನಿನಗೆ ಕಾಗದ ಬರೆಯುವುದಕ್ಕೆಂದು ಪೆನ್ನು ಹಿಡಿದೆ, ಬೆರಳು ಸೂಜಿ ಹಿಡಿದ ಹಾಗೆಯೇ ಹಿಡಿಯುತ್ತಿದೆ. ಅಕ್ಷರ ಚುಚ್ಚಿದಂತೆ ಕಂಡರೆ ಸೈರಿಸಿಕೋ.

ಫೋನಿನಲ್ಲಿ ನೀನು ಹೇಳಿದ್ದನ್ನು ಮೊದಲು ಅವನಿಗೇ ಹೇಳಿದೆ. ಎದುರು ನಿಂತು, ಕೈಬಾಯಿ ಎರಡೂ ಆಡಿಸಿ ಹೇಳಿದೆ. ಅವನು "ನಿನಗೆ ಬಾಬಿನ್ ಗೊತ್ತು, ಬ್ಯಾಟರಿ ಏನು ಗೊತ್ತು?" ಎಂದು ಬೆನ್ನು ತಿರುಗಿಸಿದ. ಹಾಗಾದರೆ ಹಾಗೇ ಆಗಲಿ ಎಂದು ನಾನು ನಿನ್ನೆ ಬೆಳಿಗ್ಗೆ ಐದೂವರೆಗೇ ಷೆಡ್ಡಿಗೆ ಹೋದೆ.

ಹೋಗುವಷ್ಟರಲ್ಲಿ ಜನ ಗಾಡಿಯ ಸುತ್ತ ಬಂದು ನಿಂತಿದ್ದಾರೆ! ಡಿಕ್ಕಿಗೆ ಪೆಟ್ಟಿಗೆ ತುಂಬುತ್ತಿದ್ದಾರೆ. ಡ್ರೈವರ್ ಆಗಲೇ ಹಾಡು ಹಾಕಿ ಗಾಜು ಒರೆಸುತ್ತಿದ್ದಾನೆ. ಆ ಸದ್ದಿಗೆ ನನ್ನ ಕಟ್ಟಿಸಿದ ಹಲ್ಲು ಸಡಿಲವಾದ ಹಾಗಾಯಿತು. ನಾನು, "ಬಾನೆಟ್ ತೆಗಿಯಪ್ಪ" ಅಂದೆ. ಅವನು ಪಾತಾಳದಿಂದ ಬಂದವಳನ್ನು ನೋಡುವ ಹಾಗೆ ನೋಡಿದ.

"ಯಾಕಮ್ಮ? ಸೀಟ್ ಕವರ್ ಬಾನೆಟ್ ಒಳಗೂ ಹೊಲಿತೀರಾ?"

"ಹೂಂ ಕಣಪ್ಪ, ನಿನ್ನ ಬಾಯಿಗೂ ಒಂದು ಹೊಲಿಗೆ ಹಾಕ್ತೀನಿ. ತೆಗಿ."

ತೆಗೆದ. ನೀನು ಹೇಳಿದ ಹಾಗೆಯೇ ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿ ಗಾಜಿನಂಥ ಮುಚ್ಚಳದ ಸಣ್ಣ ಡಬ್ಬ ಇತ್ತು. ಮುಚ್ಚಳ ಮುಟ್ಟಿದರೆ ಬಿಸಿ, ಕಡ್ಡಿ! ಎಂಜಿನ್ ಇನ್ನೂ ಶುರು ಮಾಡಿರಲಿಲ್ಲ, ಬರೀ ಹಾಡಿಗೇ ಅಷ್ಟು ಬಿಸಿ. ಸೆರಗು ಸುತ್ತಿಕೊಂಡು ಫ್ಯೂಸ್ ಎಳೆದೆ. ಹಾಡು ಗಕ್ಕನೆ ನಿಂತಿತು. ಎಲ್ಲರೂ ನನ್ನ ಕಡೆ ತಿರುಗಿದರು. ಅಷ್ಟು ಜನ ಒಟ್ಟಿಗೆ ನನ್ನನ್ನು ನೋಡಿದ್ದು ನನ್ನ ಮದುವೆಯ ದಿನದ ಮೇಲೆ ಅದೇ ಮೊದಲು. ಯಜಮಾನ ಬಂದ. ನಾನು ಫ್ಯೂಸನ್ನು ಕುಪ್ಪಸದೊಳಗೆ ಸೇರಿಸಿ, "ಗಾಡಿ ಹೋಗ್ಲಿ, ಹಾಡು ಬೇಡ" ಎಂದೆ. ಅವನು ನನ್ನನ್ನು ನೋಡಿದ, ಗಡಿಯಾರ ನೋಡಿದ, ಡ್ರೈವರಿಗೆ ಹೋಗು ಎಂದು ಕೈ ಮಾಡಿದ. ಹೋದರು. ಆಮೇಲೆ ನಾನು ಅಲ್ಲೇ ಒಂದು ಟೈರಿನ ಮೇಲೆ ಕೂತುಬಿಟ್ಟೆ.

ವಿಷಯ ನಿನ್ನಪ್ಪನಿಗೆ ತಿಳಿಯಿತು. ಆಗಿನಿಂದ ನನ್ನ ಹತ್ತಿರ ಮಾತಿಲ್ಲ. ಪರದೆ ಎಳೆದು ಅದರ ಅಂಚಿಗೆ ಪಿನ್ ಹಾಕಿಕೊಂಡಿದ್ದಾನೆ.

ಫೋನ್ ಇಡುವ ಮುಂಚೆ ನೀನು, "ಅತ್ತೆ, ಮಷಿನ್ನಿಗೆ ಎಣ್ಣೆ ಹಾಕಿದ್ರಾ?" ಎಂದು ಕೇಳಿದೆ. ಇಂಥ ಹೊತ್ತಿನಲ್ಲಿ ಇವಳಿಗೆ ಎಣ್ಣೆ ಯಾಕೆ ನೆನಪಾಯಿತು ಎಂದುಕೊಂಡೆ. ರಾತ್ರಿ ಮಲಗಿದಮೇಲೆ ಅರ್ಥವಾಯಿತು. ಇಲ್ಲ ಕಣೇ. ಎಣ್ಣೆ ಹಾಕಿಲ್ಲ. ಅದು ಮೊದಲಿಗಿಂತ ಹೆಚ್ಚೇ ಕಿರುಚುತ್ತಿದೆ. ಇಪ್ಪತ್ತು ವರ್ಷ "ಅಕ್ಕಾ, ಆ ರಾಕ್ಷಸನ ಬಾಯಿ ಮುಚ್ಚು" ಎಂದು ಕೂಗುತ್ತಿದ್ದವನು ಹೋದ ಮಳೆಗಾಲದಿಂದ ಕೂಗಿಲ್ಲ. ನನಗೂ ಹಾಯಾಗಿತ್ತು, ಯಾಕೆ ಎಂದು ಕೇಳಲಿಲ್ಲ. ಗೊತ್ತಾಗಿರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಊಟ ಸರಿಯಾಗಿ ಮಾಡು. ನೀನು ಕಡ್ಡಿಗಿಂತ ಸಣ್ಣಗಾದರೆ ಕರೆಯಲು ನನಗೆ ಬೇರೆ ಹೆಸರಿಲ್ಲ.

ಇಂತಿ ನಿನ್ನ
ಅತ್ತೆ

ಮಾರ್ಚ್ 12

ಮಗಳಿಗೆ,

ನಿನ್ನ ಏಳನೆಯ ತಾರೀಕಿನ ಕಾಗದ ಬಂದಿದೆ. ಒಡೆದಿಲ್ಲ, ಒಡೆಯುವುದೂ ಇಲ್ಲ.

ಮೂವತ್ತೊಂದು ವರ್ಷ ಈ ಕೈ ಗಾಡಿಗಳೊಳಗೆ ಕೆಲಸ ಮಾಡಿದೆ. ಒಬ್ಬನೂ ಬಂದು ನೀನು ಮಾಡಿದ್ದು ತಪ್ಪು ಎಂದಿಲ್ಲ. ಕೊನೆಗೆ ಹೇಳಿದ್ದು ನನ್ನ ಸ್ವಂತ ಮಗಳು, ಅದೂ ಹತ್ತು ಜನರ ಮುಂದೆ, ಅಕ್ಕನ ಕೈಯಿಂದ ಫ್ಯೂಸ್ ಕೀಳಿಸಿ. ನೀನು ಊರು ಬಿಡುವ ಮುಂಚೆ, ಅವತ್ತು ಗಿರಾಕಿಯ ಮುಂದೆ ನಾನು ನಿನ್ನ ವೋಲ್ಟ್ ಅಳೆಯುವ ಮೀಟರ್ ಕಿತ್ತು ಗುಜರಿ ಡ್ರಮ್ಮಿಗೆ ಎಸೆದೆ ಎಂಬ ಸಿಟ್ಟನ್ನು ಒಂದೂವರೆ ವರ್ಷ ಕಾಪಾಡಿಕೊಂಡು ಈಗ ತೀರಿಸಿದೆ. ಸಂತೋಷ.

ಅವತ್ತು ನಾನು ಹೇಳಿದ್ದು ಈಗಲೂ ಅದೇ. ಸದ್ದಿನ ಕೆಲಸಕ್ಕೆ ಬೇಕಾದ್ದು ಕಿವಿ. ಕಿವಿಯಿಲ್ಲದವರಿಗೆ ಮೀಟರು.

ಯಜಮಾನ ಗಾಡಿ ತಂದು ನಮ್ಮ ಬಾಗಿಲಲ್ಲಿ ನಿಲ್ಲಿಸಿ, ಕೀಲಿ ಮೇಜಿನ ಮೇಲಿಟ್ಟು ಹೋಗಿದ್ದಾನೆ. ಎಲ್ಲ ಬಿಚ್ಚಿಕೊಡಬೇಕಂತೆ. ಎದುರಿನ ಗಾಜಿನ ಬಾಗಿಲಿನವರು ಹೊರಗೆ ನಿಂತು ಟೀ ಕುಡಿಯುತ್ತ ನೋಡುತ್ತಿದ್ದಾರೆ. ಇನ್ನು ಬರೆಯಬೇಡ.

ಅಪ್ಪ

ಮಾರ್ಚ್ 20

ಅಪ್ಪಾ,

ಬರೆಯಬೇಡ ಎಂದಿದ್ದೀಯ. ಇದೊಂದು ಓದಿಬಿಡು. ಓದುವುದಿಲ್ಲ ಎಂದು ಹಟವಿದ್ದರೆ ಅತ್ತೆ ನಿನ್ನ ಕಣ್ಣ ಮುಂದೆ ಹಿಡಿಯುತ್ತಾರೆ. ಅವರಿಗೆ ಹಾಗೆ ಹೇಳಿಯೇ ಕಳಿಸಿದ್ದೇನೆ.

ನನ್ನ ಮಾತು ನಂಬಬೇಡ. ಮೀಟರನ್ನೂ ನಂಬಬೇಡ. ಗಾಡಿ ಬಾಗಿಲಲ್ಲೇ ಇದೆಯಲ್ಲ, ಮುಂದಿನ ಎಡ ಸೀಟು ಬಿಚ್ಚು. ಮ್ಯಾಟ್ ಮಗುಚು. ಆಂಪಿನ ಅಡಿಭಾಗ ನೋಡು, ತಂತಿ ನೋಡು, ನಿನ್ನ ಕಣ್ಣಿಂದ. ಏನೂ ಆಗಿಲ್ಲದಿದ್ದರೆ ಯಜಮಾನನ ಷೆಡ್ಡಿಗೆ ಬಂದು, ಅದೇ ಡ್ರೈವರ್ ಮುಂದೆ, ತಪ್ಪಾಯಿತು ಎಂದು ನಿನ್ನ ಕ್ಷಮೆ ಕೇಳುತ್ತೇನೆ. ಆಮೇಲೆ ನಿನ್ನ ಕೆಲಸದ ಬಗ್ಗೆ ಒಂದು ಮಾತೂ ಆಡುವುದಿಲ್ಲ.

ಸಿಟ್ಟಿತ್ತು, ಅದು ನಿಜ. ಏಳನೆಯ ತಾರೀಕು ಆ ಫೋನಿನಲ್ಲಿ ಹೋಯಿತು. ನಾನು ಅಷ್ಟು ಕೂಗುತ್ತಿದ್ದೆ, ನೀನು ಅಷ್ಟು ಮೃದುವಾಗಿ "ಮಾತಾಡಿ, ಮಾತಾಡಿ" ಎನ್ನುತ್ತಿದ್ದೆ.

ಎಷ್ಟು ದಿನವಾಯಿತು ಅಪ್ಪ?

ನಿನ್ನ ಮಗಳು

ಏಪ್ರಿಲ್ 6

ಮಗಳೇ,

ನಿನ್ನ ಕಾಗದ ಬಂದ ದಿನವೇ ಸೀಟು ಬಿಚ್ಚಿದೆ. ಆಮೇಲೆ ಬರೆಯಲು ಹದಿಮೂರು ದಿನ ಹಿಡಿಯಿತು.

ಅಕ್ಕ ಆ ಮ್ಯಾಟನ್ನು ತಾನೇ ಅಳತೆ ತೆಗೆದು ಹೊಲಿದಿದ್ದಳು, ಬೂದು ಬಣ್ಣದ್ದು. ಮಗುಚಿದೆ. ಅಡಿಭಾಗದಲ್ಲಿ ಆಂಪಿನ ಅಗಲಕ್ಕೇ ಕಂದು ಚೌಕ, ಇಸ್ತ್ರಿಪೆಟ್ಟಿಗೆ ಮರೆತು ಇಟ್ಟ ಹಾಗೆ. ತಂತಿಯ ಮೇಲಿನ ಪ್ಲಾಸ್ಟಿಕ್ ಎರಡು ಕಡೆ ಕರಗಿ ಮ್ಯಾಟಿಗೆ ಅಂಟಿಕೊಂಡಿತ್ತು. ಎಳೆದರೆ ಸುಲಿದು ಬಂತು, ಒಳಗೆ ತಾಮ್ರ ಬತ್ತಲೆ. ಅದರಿಂದ ಸೀಟಿನ ಕಬ್ಬಿಣದ ಕಾಲಿಗೆ ಒಂದು ಬೆರಳಿನಷ್ಟು ದೂರವೂ ಇರಲಿಲ್ಲ. ನಾನು ಗಾಡಿಯನ್ನು ಹಾಡು ಹಾಕಿಕೊಂಡು ಓಡಿಸಿ ನೋಡಿದ ನಾಲ್ಕು ದಿನದಲ್ಲೇ ಇಷ್ಟಾಗಿದೆ. ಒಂದು ಸಂಜೆ ಸುಟ್ಟ ವಾಸನೆ ಬಂದಿತ್ತು. ಅಕ್ಕನ ಗೋಂದಿನ ವಾಸನೆ ಎಂದು ಅವಳ ಮೇಲೆ ರೇಗಿದ್ದೆ.

ಡ್ರೈವರನ್ನು ಹುಡುಕಿಕೊಂಡು ಹೋಗಿ, ಅವತ್ತು ಆ ಸೀಟಿನಲ್ಲಿ ಕೂತಿದ್ದವರು ಯಾರು ಎಂದು ಕೇಳಿದೆ. ಅವನು ಹೇಳಿದ್ದು ತಿಳಿಯಲಿಲ್ಲ. ಮತ್ತೆ ಕೇಳಿದೆ. ಅವನು ಎರಡು ಕೈಯನ್ನೂ ಹೊಟ್ಟೆಯ ಮುಂದೆ ದುಂಡಗೆ ಹಿಡಿದು ತೋರಿಸಿದ. ಬಸುರಿ. ಹಿಂದಿನ ಸೀಟು ಅಲುಗಾಡುತ್ತದೆ ಎಂದು ಅವಳನ್ನು ಮುಂದೆ ಕೂರಿಸಿದ್ದರಂತೆ.

ಅಲ್ಲಿಂದ ಅಂಗಡಿಗೆ ಹೇಗೆ ಬಂದೆನೋ ಗೊತ್ತಿಲ್ಲ. ಬಂದು ಏಳನೆಯ ತಾರೀಕಿನ ಲಕೋಟೆ ಒಡೆದು ಓದಿದೆ.

ಎಷ್ಟು ದಿನವಾಯಿತು ಎಂದು ಕೇಳಿದೆ. ಎರಡು ವರ್ಷದ ಮೇಲಾಯಿತು. ನೀನು ಅಂಗಡಿಯಲ್ಲಿ ಇದ್ದಾಗಲೇ ಶುರುವಾಗಿತ್ತು. ಮೊದಲು ತೆಳು ಸದ್ದುಗಳು ಹೋದವು. ಗಾಡಿ ಹಿಂದಕ್ಕೆ ಬರುವಾಗಿನ ಪೀಪೀ, ಸ್ಕ್ರೂ ನೆಲಕ್ಕೆ ಬಿದ್ದದ್ದು, ಇಂಥವು. ಆಮೇಲೆ ಮಾತಿನ ಅಂಚುಗಳು. ಗಿರಾಕಿ ಏನು ಹೇಳಿದರೂ ಹೂಂ ಎನ್ನುವುದು ಕಲಿತೆ. ಹತ್ತರಲ್ಲಿ ಏಳು ಸಲ ಹೂಂ ನಡೆಯುತ್ತದೆ. ಅವತ್ತು ನೀನು ಮೀಟರ್ ಹಿಡಿದು, "ಅಪ್ಪ, ಸ್ಪೀಕರ್ ದನಿ ಒಡಿತಿದೆ, ಕೇಳಿಸ್ತಿಲ್ವಾ?" ಎಂದು ಗಿರಾಕಿಯ ಮುಂದೆಯೇ ಕೇಳಿದೆ. ನಿಜವಾಗಿ ಕೇಳಿಸುತ್ತಿರಲಿಲ್ಲ. ಅದು ನಿನಗೆ ಗೊತ್ತಾಗಿಹೋಯಿತು ಎಂದು ಹೆದರಿ ಮೀಟರ್ ಕಿತ್ತುಕೊಂಡೆ. ನಿನಗೆ ಗೊತ್ತಾಗಿರಲಿಲ್ಲ, ಬರೀ ಪೆಟ್ಟಾಯಿತು.

ಹೋದ ವಾರ ಅಕ್ಕ ಡಾಕ್ಟರ ಹತ್ತಿರ ಎಳೆದುಕೊಂಡು ಹೋದಳು. ಮೂವತ್ತು ವರ್ಷ ಡಿಕ್ಕಿಯೊಳಗೆ ತಲೆ ಹಾಕಿ ಬಾಸ್ ಕೇಳಿದ್ದರ ಫಲವಂತೆ. ಕಿವಿಯ ನರ ಸತ್ತದ್ದು ಮತ್ತೆ ಚಿಗುರುವುದಿಲ್ಲವಂತೆ. ಯಂತ್ರ ಇಟ್ಟುಕೊಂಡರೆ ಸ್ವಲ್ಪ ಸಹಾಯ. ಇದನ್ನೆಲ್ಲ ಡಾಕ್ಟರು ಬರೆದು ತೋರಿಸಿದರು. ಅಕ್ಷರ ಮಾತ್ರ ನಿನ್ನ ಅತ್ತೆಯ ಹೊಲಿಗೆಗಿಂತ ವಕ್ರ.

ಸುಟ್ಟ ಮ್ಯಾಟನ್ನು ಸುತ್ತಿಕೊಂಡು ಯಜಮಾನನ ಹತ್ತಿರ ಹೋಗಿ ಮೇಜಿನ ಮೇಲೆ ಬಿಡಿಸಿಟ್ಟು, "ಇದು ನನ್ನ ತಪ್ಪು, ನನ್ನ ಮಗಳು ತಡೆದಳು" ಎಂದೆ. ಅವನು ಸುಟ್ಟ ಜಾಗವನ್ನು ಬೆರಳಿಂದ ಮುಟ್ಟಿದ. ಆಮೇಲೆ ಏನೋ ಹೇಳಿದ. ಅಭ್ಯಾಸ ನೋಡು, ಹೂಂ ಎಂದು ಬಂದುಬಿಟ್ಟೆ. ಬಾಗಿಲಲ್ಲಿ ನಿಂತಿದ್ದ ಅಕ್ಕ ಕೇಳಿಸಿಕೊಂಡಿದ್ದಳು. ಮೇ ಇಪ್ಪತ್ತಕ್ಕೆ ಅದೇ ಗಾಡಿ ಮತ್ತೆ ಕೊಡುತ್ತಾನಂತೆ. ಒಂದೇ ಒಂದು ಸಲ.

ನಿನಗೆ ಬರೆಯಬೇಡ ಎಂದವನು ನಾನೇ. ಕಿವಿಯಿಲ್ಲದವರಿಗೆ ಮೀಟರ್ ಎಂದವನೂ ನಾನೇ. ಈಗ ಕೇಳುತ್ತಿದ್ದೇನೆ. ಅದನ್ನು ಹೇಗೆ ಹಿಡಿಯುವುದು, ಎಲ್ಲಿ ಇಡುವುದು, ಬಿಡಿಸಿ ಬರೆ.

ಇಂತಿ,
ಅಪ್ಪ

ಏಪ್ರಿಲ್ 15

ಪ್ರೀತಿಯ ಅಪ್ಪಾ,

ನಿನ್ನ ಕಾಗದವನ್ನು ಗಾಡಿಯೊಳಗೆ ಬಾಗಿಲು ಹಾಕಿಕೊಂಡು ಓದಿದೆ. ಮೇಸ್ತ್ರಿಣಿ ಗಾಜು ತಟ್ಟಿ, "ಸ್ಪೀಕರ್ ಅಳ್ತಾ ಇದೆಯೋ ನೀನೋ?" ಎಂದರು. ಅದು ಬಿಡು.

ಮೀಟರ್ ಡ್ರಮ್ಮಿನಲ್ಲಿಲ್ಲ. ಅವತ್ತೇ ಅತ್ತೆ ಎತ್ತಿ ಗುಂಡಿಗಳ ಡಬ್ಬದಲ್ಲಿ ಇಟ್ಟುಕೊಂಡಿದ್ದಾರೆ, ಅದರ ಚೀಲಕ್ಕೆ ಸೂಜಿ ಚುಚ್ಚುತ್ತಾರಂತೆ. ಹೊಸ ಬ್ಯಾಟರಿ ಹಾಕಿಕೋ.

ಬಾಗಿಲುಗಳಿಗೆ ಫೋರ್ ಚಾನೆಲ್, ಸಬ್ಬಿಗೆ ಮೋನೋ. ಎರಡಕ್ಕೂ ಬೇರೆ ಬೇರೆ ತಂತಿ, ತಂತಿಯ ದಪ್ಪಕ್ಕೆ ತಕ್ಕ ಫ್ಯೂಸ್. ಆಂಪುಗಳ ಮೇಲೆ ಮ್ಯಾಟ್ ಹೊದಿಸಬೇಡ, ಅವಕ್ಕೂ ಉಸಿರಾಟ ಬೇಕು. ಕಾಯಿಲ್‌ಗಳನ್ನು ಪಕ್ಕಪಕ್ಕವೇ ಸೇರಿಸು, ಮೋನೋ ತಾಳುತ್ತದೆ.

ಆಮೇಲೆ ಸ್ಪೀಕರ್ ತಂತಿಗಳನ್ನೆಲ್ಲ ಆಂಪಿನಿಂದ ಬಿಚ್ಚು. ಈ ಕಾಗದದ ಜೊತೆ ಕಳಿಸಿರುವ ಡಿಸ್ಕ್ ಹಾಕು, ಅದರಲ್ಲಿ ಒಂದೇ ಸ್ವರ ಎಳೆದೂ ಎಳೆದೂ ಇದೆ. ಸಬ್ಬಿಗೆ ಮೊದಲನೆಯದು, ಬಾಗಿಲುಗಳಿಗೆ ಎರಡನೆಯದು. ವಾಲ್ಯೂಮ್ ಮುಕ್ಕಾಲಿಗೆ ಇಡು. ಮೀಟರಿನ ಎರಡು ಕಡ್ಡಿಗಳನ್ನು ಸ್ಪೀಕರ್ ತಂತಿ ಕೂರುವ ಜಾಗಕ್ಕೆ ಮುಟ್ಟಿಸಿ, ಗೇನಿನ ತಿರುಪನ್ನು ಕೂದಲೆಳೆಯಷ್ಟೇ ಏರಿಸುತ್ತ ಹೋಗು. ಮೋನೋದಲ್ಲಿ ಇಪ್ಪತ್ತು ವೋಲ್ಟ್ ತೋರಿಸಿದ ಕೂಡಲೇ ನಿಲ್ಲು. ಬಾಗಿಲುಗಳಿಗೆ ಹದಿನಾಲ್ಕು. ಇನ್ನೂ ಸ್ವಲ್ಪ ಏರಿಸೋಣ ಎಂದು ಕೈ ತುರಿಸುತ್ತದೆ. ಏರಿಸಬೇಡ.

ಆ ಹೊತ್ತಿನಲ್ಲಿ ಕೇಳುವುದಕ್ಕೆ ಏನೂ ಇರುವುದಿಲ್ಲ ಅಪ್ಪ. ಸ್ಪೀಕರೇ ಬಿಚ್ಚಿರುತ್ತದಲ್ಲ. ಆಗ ನಿನ್ನ ಕಿವಿಗೂ ನನ್ನ ಕಿವಿಗೂ ಏನೂ ವ್ಯತ್ಯಾಸವಿಲ್ಲ.

ನಾನೇ ಬಂದು ಮಾಡಲೇ ಎಂದು ನೂರು ಸಲ ಯೋಚಿಸಿದೆ. ಬಂದರೆ ಯಜಮಾನ ಇದು ಮಗಳ ಕೆಲಸ ಎನ್ನುತ್ತಾನೆ. ನೀನು ಮಾಡು. ಮೇ ತಿಂಗಳ ಕೊನೆಗೆ ರಜೆ ಇದೆ, ಆಗ ಬರುತ್ತೇನೆ.

ನಿನ್ನ
ಕಡ್ಡಿ

ಮೇ 23

ನನ್ನ ಕಡ್ಡಿಗೆ,

ನಿನ್ನ ಕಾಗದವನ್ನು ಗಾಜಿಗೆ ಅಂಟಿಸಿಕೊಂಡು ಕೆಲಸ ಮಾಡಿದೆ. ಪರದೆಯ ಪಿನ್ ತೆಗೆದೆ. ಅಕ್ಕ ಟಾರ್ಚ್ ಹಿಡಿದಳು, ಬೆಳಕು ಆಂಪ್ ಒಂದನ್ನು ಬಿಟ್ಟು ಎಲ್ಲ ಕಡೆಯೂ ಬಿತ್ತು. ಮೀಟರು ಹದಿನೇಳು ತೋರಿಸಿತು, ಹದಿನೆಂಟು, ಹತ್ತೊಂಬತ್ತೂವರೆ. ಇಪ್ಪತ್ತಕ್ಕೆ ಬಂದಾಗ ತಿರುಪು ಅರ್ಧವನ್ನೂ ಮುಟ್ಟಿರಲಿಲ್ಲ. ಕೈ ತುರಿಸಿತು, ನೀನು ಹೇಳಿದ ಹಾಗೆಯೇ. ಸ್ಕ್ರೂಡ್ರೈವರನ್ನು ಅಕ್ಕನ ಕೈಗೆ ಕೊಟ್ಟು ದೂರ ಹೋಗಿ ನಿಂತೆ.

ಸ್ಪೀಕರ್ ಸೇರಿಸಿ ಹಾಡು ಹಾಕಿದೆ. ನನಗೆ ಏನೂ ಇರಲಿಲ್ಲ ಮಗಳೇ. ದೂರದಲ್ಲಿ ಯಾರೋ ಚಾಪೆ ಕೊಡವಿದ ಹಾಗೆ, ಅಷ್ಟೇ. ಮತ್ತೆ ಬಿಚ್ಚಿ ತಿರುಗಿಸೋಣ ಎಂದು ಎರಡು ಸಲ ಬಗ್ಗಿದೆ. ಎರಡು ಸಲವೂ ಆ ಕಂದು ಚೌಕ ಕಣ್ಣ ಮುಂದೆ ಬಂತು. ಗಂಟೆಗೊಮ್ಮೆ ಆಂಪಿನ ಬೆನ್ನು ಮುಟ್ಟಿ ನೋಡಿದೆ. ಮಗುವಿನ ಹಣೆಯಷ್ಟು ಬೆಚ್ಚಗೆ, ಅದಕ್ಕಿಂತ ಹೆಚ್ಚಿಲ್ಲ.

ನಿನ್ನೆ ಯಜಮಾನ ಬಂದ. ಒಳಗೆ ಕೂತು ಬಾಗಿಲು ಹಾಕಿಕೊಂಡ. ಒಂದು ಹಾಡು ಪೂರ್ತಿ ಕೇಳಿದ. ನಾನು ಹೊರಗೆ ನಿಂತು ಗಾಡಿಯ ನೆತ್ತಿಯ ಮೇಲೆ ಅಂಗೈ ಊರಿಕೊಂಡಿದ್ದೆ. ಎದುರಿನವರು ಟೀ ಲೋಟ ಹಿಡಿದು ಹೊರಗೆ ಬಂದಿದ್ದರು. ಅವನು ಇಳಿದ. ನನ್ನ ಮುಖ ನೋಡಿ ತುಟಿ ಆಡಿಸಿದ. ಇಷ್ಟು ತಿಂಗಳಲ್ಲಿ ಅವನು ಆಡಿದ ಅತ್ಯಂತ ಉದ್ದದ ಮಾತು ಅದೇ ಇರಬೇಕು, ತುಟಿ ನಿಲ್ಲಲೇ ಇಲ್ಲ. ಹೂಂ ಎನ್ನುವುದು ನನ್ನ ನಾಲಿಗೆಯ ತುದಿಗೆ ಬಂದುಬಿಟ್ಟಿತ್ತು.

ನುಂಗಿಕೊಂಡೆ. "ಯಜಮಾನರೇ, ನನಗೆ ಕಿವಿ ಕೇಳಿಸಲ್ಲ. ಬರೆದು ಕೊಡಿ" ಎಂದೆ. ಎದುರು ಬದಿಯವರಿಗೂ ಕೇಳಿಸಿತಂತೆ, ಅಷ್ಟು ಜೋರಾಗಿ ಹೇಳಿದೆನಂತೆ. ಅಕ್ಕ ಅಲ್ಲೇ ಸೆರಗಿನಿಂದ ಮೂಗು ಒರೆಸಿಕೊಂಡಳು.

 ಅವನು ನನ್ನ ಕಿವಿಯ ಮೇಲಿದ್ದ ಪೆನ್ಸಿಲನ್ನು ತಾನೇ ತೆಗೆದುಕೊಂಡ. ಬಾನೆಟ್ಟಿನ ಮೇಲೆ ಚೀಟಿ ಇಟ್ಟು ಬರೆದ. ನೀನು ಬಂದಾಗ ತೋರಿಸೋಣ ಎಂದುಕೊಂಡೆ, ತಡೆಯಲಾಗಲಿಲ್ಲ, ಇದರ ಜೊತೆಗೇ ಕಳಿಸುತ್ತಿದ್ದೇನೆ. ಕಳೆಯಬೇಡ, ಅಂಗಡಿಯಲ್ಲಿ ಕಟ್ಟು ಹಾಕಿಸಿ ತೂಗುಹಾಕಬೇಕು. ಅವನು ಬರೆದದ್ದು ಹೀಗಿದೆ:

"ಚೆನ್ನಾಗಿದೆ. ಈಗಲೂ ಸ್ವಲ್ಪ ಜೋರೇ. ಉಳಿದ ಏಳು ಗಾಡಿಗೆ ಇದಕ್ಕಿಂತ ಕಡಿಮೆ ಇಡಿ."

ದಾರಿ ನೋಡುತ್ತಿರುವ,
ಅಪ್ಪ